ಹಾಯಿದೋಣಿಯ ತಂತಿಗಳನ್ನು ಬಿಚ್ಚಿ ನೋಡಿದಾಗ

ಹಾಯಿದೋಣಿಯ ಮಾಸ್ಟ್, ಅಂದರೆ ಹಾಯಿ ಕಟ್ಟುವ ಎತ್ತರದ ಕಂಬ, ತಾನಾಗಿ ನಿಂತಿರುವುದಿಲ್ಲ. ಅದನ್ನು ಹಿಡಿದು ನಿಲ್ಲಿಸಿರುವುದು ತಂತಿಗಳು. ಮುಂದೆ ಒಂದು, ಹಿಂದೆ ಒಂದು, ಎರಡೂ ಪಕ್ಕಕ್ಕೆ ಮೂರು ಮೂರು. ಮುಂದಿನದಕ್ಕೆ ಫೋರ್‌ಸ್ಟೇ ಅಂತಾರೆ, ಹಿಂದಿನದಕ್ಕೆ ಬ್ಯಾಕ್‌ಸ್ಟೇ, ಪಕ್ಕದವಕ್ಕೆ ಶ್ರೌಡ್. ಒಟ್ಟಾರೆ ರಿಗ್ಗಿಂಗ್. ನಮ್ಮ 28 ಅಡಿ ದೋಣಿಯಲ್ಲಿ ಇವೆಲ್ಲ 6 ಮಿ.ಮೀ. ದಪ್ಪದವು, ಕಿರುಬೆರಳಿಗಿಂತ ಸಣ್ಣ. ಹಾಯಿಗೆ ಗಾಳಿ ತುಂಬಿದಾಗ ಬೀಳುವ ಜಗ್ಗಾಟವೆಲ್ಲ ಇವುಗಳ ಮೇಲೆಯೇ. ಗಾಳಿ ಬರುವ ಕಡೆಯ ಒಂದು ತಂತಿ ಕಡಿದರೂ ಸಾಕು, ಮಾಸ್ಟೇ ಮುರಿದು ಬೀಳಬಹುದು. ಡೆಕ್ ಮೇಲೆ ಮಕ್ಕಳು ಕೂತಿರುತ್ತಾರೆ. ಅದಕ್ಕೇ ಈ ಕೆಲಸದ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಕುಮಟಾ ಬಿಟ್ಟು ಗೋವಾದ ವಾಸ್ಕೋದಲ್ಲಿ ನೆಲೆಸಿದ ಮೇಲೆ ನಾನೂ ನಮ್ಮ ಭಾವನೂ ಸೇರಿ ಈ ದೋಣಿ ಕೊಂಡೆವು. ಮುಂಬೈಯಿಂದ ತಂದ ಸೆಕೆಂಡ್‌ಹ್ಯಾಂಡ್ ಫೈಬರ್ ದೋಣಿ. ಎಂಜಿನ್ನಿಗೆ, ಹಾಯಿಗೆ, ಬಣ್ಣಕ್ಕೆ ಎಲ್ಲದಕ್ಕೂ ಹಳೇ ಬಿಲ್ಲು ಇತ್ತು. ತಂತಿಗಳಿಗೆ ಮಾತ್ರ ಇರಲಿಲ್ಲ. ಯಾವಾಗ ಹಾಕಿಸಿದ್ದು ಅಂತ ಹಿಂದಿನ ಮಾಲೀಕರಿಗೂ ನೆನಪಿಲ್ಲ. ವಯಸ್ಸು ಗೊತ್ತಿಲ್ಲದ ತಂತಿಯನ್ನು ವಯಸ್ಸಾದ ತಂತಿ ಅಂತಲೇ ಲೆಕ್ಕ ಹಿಡಿಯಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ರಿಗ್ಗಿಂಗ್‌ಗೆ ಸಾಮಾನ್ಯವಾಗಿ 10ರಿಂದ 15 ವರ್ಷ ಅಂತಾರೆ. 10 ವರ್ಷ ದಾಟಿದರೆ ಎಷ್ಟೋ ವಿಮಾ ಕಂಪನಿಗಳು ತಪಾಸಣೆಯ ಕಾಗದ ಕೇಳುತ್ತವೆ. ನಮ್ಮ ಕಡಲತೀರದಲ್ಲಿ ಸೆಕೆ, ಬಿಸಿಲು, ಉಪ್ಪುಗಾಳಿ ಮೂರೂ ಒಟ್ಟಿಗೆ ಇರುತ್ತವೆ. ಇಲ್ಲಿ ಆ ಲೆಕ್ಕದ ಕೊನೆಯ ತನಕ ಕಾಯುವುದು ಸರಿಯಲ್ಲ.

ಜೂನ್ ಬಂತೆಂದರೆ ಗೋವಾದಲ್ಲಿ ಹಾಯಿದೋಣಿ ನೀರಲ್ಲಿ ಇಡುವ ಮಾತೇ ಇಲ್ಲ. ಯಂತ್ರದ ಮೀನುಗಾರಿಕೆ ದೋಣಿಗಳಿಗೂ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ ಇರುತ್ತದೆ. ನಮ್ಮದೂ ಜುವಾರಿ ನದಿ ದಂಡೆಯ ಒಂದು ದೋಣಿ ಯಾರ್ಡ್‌ನಲ್ಲಿ ನೀರಿನಿಂದ ಮೇಲಕ್ಕೆ ಬಂತು. ಮಳೆ ಹೊಡೆಯುವ ಮೊದಲೇ ಮಾಸ್ಟ್ ಇಳಿಸಿ, ಶೆಡ್ಡಿನೊಳಗೆ ಮಲಗಿಸಿ, ಮಳೆಗಾಲ ಮುಗಿಯುವುದರೊಳಗೆ ಎಲ್ಲ ಬಿಚ್ಚಿ ನೋಡಬೇಕು ಅನ್ನುವುದು ಯೋಜನೆ.

ಜೊತೆಗೆ ನಿಂತವರು ಕಾರವಾರದ ಒಬ್ಬ ಹಿರಿಯರು. ಹಡಗುಗಳಲ್ಲಿ ಹಗ್ಗ, ತಂತಿ, ಕಪ್ಪಿಗಳ ಕೆಲಸದಲ್ಲೇ ಆಯುಷ್ಯ ಕಳೆದವರು. ನಾವೆಲ್ಲ ಮಾಮ ಅಂತಲೇ ಕರೆಯುವುದು. ಮೊದಲ ದಿನ ಅವರು ಶ್ರೌಡ್ ಒಂದನ್ನು ಕೈಯಲ್ಲಿ ಹಿಡಿದು ಹೇಳಿದ ಮಾತು ಇಡೀ ಕೆಲಸಕ್ಕೆ ದಾರಿ ತೋರಿಸಿತು: "ತಮ್ಮಾ, ತಂತಿ ಹೊಳೀತದೆ ಅಂತ ನಂಬಬೇಡ. ನಡು ನೋಡಿ ಏನೂ ತಿಳಿಯೂದಿಲ್ಲ. ತುದಿ ನೋಡು."

ಯಾಕೆ ತುದಿ? ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದಿರಲು ಕಾರಣ ಅದರ ಮೇಲಿರುವ ಕ್ರೋಮಿಯಂ ಆಕ್ಸೈಡಿನ ಒಂದು ತೆಳು ಪದರ. ಕಣ್ಣಿಗೆ ಕಾಣುವುದಿಲ್ಲ. ಗೀರಿದರೂ ಗಾಳಿ ತಾಗಿದ ಕೂಡಲೇ ಮತ್ತೆ ಕಟ್ಟಿಕೊಳ್ಳುತ್ತದೆ. ಆದರೆ ಅದಕ್ಕೆ ಆಮ್ಲಜನಕ ಬೇಕು. ತಂತಿಯ ತುದಿಗೆ ಸ್ಟೀಲಿನ ಕೊಳವೆಯಂಥ ಟರ್ಮಿನಲ್ ತೊಡಿಸಿ, ಯಂತ್ರದಲ್ಲಿ ಒತ್ತಿ ಕೂರಿಸಿರುತ್ತಾರೆ. ಇದಕ್ಕೆ ಸ್ವೇಜ್ ಅಂತ ಹೆಸರು. ತಂತಿಯಗುಂಟ ಇಳಿದ ಉಪ್ಪುನೀರು ಕೆಳಗಿನ ಟರ್ಮಿನಲ್ಲಿನ ಬಾಯಿಯಲ್ಲಿ ನಿಲ್ಲುತ್ತದೆ, ಎಳೆಗಳ ಸಂದಿಯಿಂದ ಒಳಗೆ ಹೋಗುತ್ತದೆ. ಒಳಗೆ ಗಾಳಿಯಿಲ್ಲ, ಉಪ್ಪಿದೆ. ಪದರ ಒಡೆದರೆ ಮತ್ತೆ ಕಟ್ಟುವುದಿಲ್ಲ. ಅಲ್ಲಿಂದ ತುಕ್ಕು ಒಳಗೊಳಗೇ ತಿನ್ನುತ್ತದೆ, ಉಬ್ಬುತ್ತದೆ, ಕೊನೆಗೆ ಕೊಳವೆಯನ್ನೇ ಸೀಳುತ್ತದೆ. ಹೊರಗಿನ ತಂತಿ ಮಾತ್ರ ಥಳಥಳ ಅಂತಿರುತ್ತದೆ. ಇದರ ಮೇಲೆ ಲೋಹದ ಆಯಾಸ ಬೇರೆ. ದೋಣಿ ಹೊರಳಿದಂತೆಲ್ಲ ಭಾರ ಹತ್ತಿ ಇಳಿದು ಲೋಹ ಗಡುಸಾಗಿ ಕಡಿಯುತ್ತದೆ. ಅದೂ ಬಗ್ಗುವ ತಂತಿ ಬಗ್ಗದ ಟರ್ಮಿನಲ್ಲಿಗೆ ಸೇರುವ ಜಾಗದಲ್ಲೇ ಜಾಸ್ತಿ.

ಮಾಸ್ಟ್ ಇಳಿಸುವ ಮೊದಲು ಒಮ್ಮೆ ಮೇಲೆ ಹತ್ತಿ ನೋಡಿದೆ. ಬೋಸನ್ಸ್ ಚೇರ್ ಅಂತ ಕ್ಯಾನ್ವಾಸಿನ ಒಂದು ಕೂರುವ ಪಟ್ಟಿ ಇರುತ್ತದೆ. ಅದನ್ನು ಹಾಯಿ ಎಳೆಯುವ ಹಗ್ಗಕ್ಕೆ ಕೊಕ್ಕೆ ಸಿಕ್ಕಿಸಿ ಹತ್ತುವವರನ್ನು ನೋಡಿದ್ದೇನೆ. ಮಾಮ ಅದಕ್ಕೆ ಒಪ್ಪಲೇ ಇಲ್ಲ. ಕೊಕ್ಕೆ ತೆಗೆದು ಹಗ್ಗವನ್ನೇ ಚೇರಿನ ಬಳೆಗೆ ಬೋಲೈನ್ ಗಂಟು ಹಾಕಿಸಿದರು. ಇನ್ನೊಂದು ಹಗ್ಗ ಬೇರೆಯಾಗಿ ನನ್ನ ಸೊಂಟದ ಹಾರ್ನೆಸ್‌ಗೆ. ಕೆಳಗೆ ಹಗ್ಗ ಸುತ್ತಿ ಎಳೆಯುವ ವಿಂಚ್‌ಗಳಲ್ಲಿ ಭಾವ ಒಂದಕ್ಕೆ, ಮಾಮ ಇನ್ನೊಂದಕ್ಕೆ. ಹಳೇ ತಂತಿ ಹಿಡಿದಿರುವ ಮಾಸ್ಟ್ ಹತ್ತುವಾಗ ಹೀಗೆ ಎರಡು ಹಗ್ಗ ಇರಲೇಬೇಕು.

ಕೈಯಲ್ಲಿ ಹತ್ತಿಯ ಉಂಡೆ ಹಿಡಿದು ತಂತಿಯ ಉದ್ದಕ್ಕೂ ಮೃದುವಾಗಿ ಒರೆಸಿಕೊಂಡು ಹೋದೆ. ಬರಿಗೈ ಎಳೆಯುವ ಹಾಗಿಲ್ಲ. ಒಂದು ಎಳೆ ಕಡಿದು ಎದ್ದಿದ್ದರೆ ಅಂಗೈ ಸೀಳುತ್ತದೆ. ಹತ್ತಿಯಾದರೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಮೇಲೆಲ್ಲ ಸರಾಗವಾಗಿ ಹೋಯಿತು. ಸ್ಪ್ರೆಡರಿನ ತುದಿಗೆ ಬಂದಾಗ ನಿಂತೆ. ಸ್ಪ್ರೆಡರ್ ಅಂದರೆ ಮಾಸ್ಟಿನಿಂದ ಎರಡೂ ಕಡೆ ಚಾಚಿ ಶ್ರೌಡನ್ನು ಹೊರಕ್ಕೆ ಹಿಡಿಯುವ ತೋಳು. ಹಾಯಿ ಹರಿಯದಿರಲಿ ಅಂತ ಯಾರೋ ಅದರ ತುದಿಗೆ ದಪ್ಪಕ್ಕೆ ಟೇಪು ಸುತ್ತಿದ್ದರು. ಕತ್ತರಿಸಿ ತೆಗೆದರೆ ಒಳಗೆ ಕಂದು ನೀರು, ಉಪ್ಪಿನ ಹುಡಿ. ಬಿಗಿಯಾಗಿ ಸುತ್ತಿದ ಟೇಪು ನೀರನ್ನು ಹೊರಗಿಡುವುದಿಲ್ಲ, ಒಳಗೆ ಹಿಡಿದಿಡುತ್ತದೆ. ಅಲ್ಲಿಯೇ ಹತ್ತಿ ಸಿಕ್ಕಿಕೊಂಡಿತು. ಹೊರಸುತ್ತಿನ ಒಂದು ಎಳೆ ಕಡಿದಿತ್ತು. ಕೆಳಗಿನಿಂದ ನೋಡಿದವರಿಗೆ ಇದು ಎಂದೂ ಕಾಣುತ್ತಿರಲಿಲ್ಲ.

ಹೈಡ್ರಾ ಕ್ರೇನ್ ಬಂದು ಮಾಸ್ಟ್ ಇಳಿಸಿತು. ಆ ಕೆಲಸದ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಎತ್ತುವ ಪಟ್ಟಿಯನ್ನು (ಸ್ಲಿಂಗ್) ಮಾಸ್ಟಿನ ನಡುವಿಗಿಂತ ಮೇಲೆ ಹಾಕಬೇಕು, ಭಾರ ಕ್ರೇನಿನ ಮೇಲೆ ಬಂದ ಮೇಲೇ ತಂತಿಗಳ ಪಿನ್ನುಗಳನ್ನು ತೆಗೆಯಬೇಕು, ಗಾಳಿ ಏಳುವ ಮೊದಲು ಬೆಳಿಗ್ಗೆಯೇ ಮುಗಿಸಬೇಕು, ಅಷ್ಟೇ.

ಶೆಡ್ಡಿನಲ್ಲಿ ನಿಜವಾದ ತಪಾಸಣೆ. ವಾಸ್ಕೋದ ಹಡಗು ರಿಪೇರಿ ವರ್ಕ್‌ಶಾಪುಗಳಲ್ಲಿ ವೆಲ್ಡಿಂಗ್ ಬಿರುಕು ಹುಡುಕಲು ಡಿ.ಪಿ. (ಡೈ ಪೆನೆಟ್ರಂಟ್) ಟೆಸ್ಟ್ ಮಾಡುತ್ತಾರೆ. ಮೂರು ಸ್ಪ್ರೇ ಡಬ್ಬಿಗಳು: ಒಂದು ಕ್ಲೀನರ್, ಒಂದು ಕೆಂಪು ಬಣ್ಣ, ಒಂದು ಬಿಳಿ ಡೆವಲಪರ್. ಬಾಗಲಕೋಟೆ ಕಡೆಯ ಒಬ್ಬ ವೆಲ್ಡರ್ ನಮಗಾಗಿ ತಂದು ಮಾಡಿದರು. ಟರ್ಮಿನಲ್ಲನ್ನು ಚೆನ್ನಾಗಿ ಒರೆಸಿ ಕೆಂಪು ಹೊಡೆದು ಸ್ವಲ್ಪ ಹೊತ್ತು ಬಿಡುವುದು. ಬಿರುಕಿದ್ದರೆ ಬಣ್ಣ ಅದರೊಳಗೆ ಇಳಿಯುತ್ತದೆ. ಮೇಲಿನ ಬಣ್ಣವನ್ನೆಲ್ಲ ಬಟ್ಟೆಯಲ್ಲಿ ಒರೆಸಿ ತೆಗೆದು ಬಿಳಿ ಹೊಡೆಯುವುದು. ಆಮೇಲೆ ಕಾಯುವುದು. ಮೊದಲ ಮೂರು ಟರ್ಮಿನಲ್ ಬೆಳ್ಳಗೆ ಉಳಿದವು. ನಾಲ್ಕನೆಯದರಲ್ಲಿ, ಬಾಯಿಯಿಂದ ಕೆಳಕ್ಕೆ, ಕೂದಲಿನಷ್ಟು ಸಣ್ಣ ಕೆಂಪು ಗೆರೆ ಮೆಲ್ಲಗೆ ಮೂಡಿತು. ನೋಡುತ್ತಿದ್ದಂತೆ ಉದ್ದವಾಯಿತು.

"ಇಲ್ಲಿ ನೋಡ್ರಿ ಅಣ್ಣಾರ, ಗೆರಿ ಬಂದೈತಿ. ಇದು ಸೀಳೈತಿ" ಅಂದರು ವೆಲ್ಡರ್. ಅದೇ ಟರ್ಮಿನಲ್ಲನ್ನು ಅದಕ್ಕೂ ಮುಂಚೆ ನಾನು ಭೂತಗನ್ನಡಿ ಹಿಡಿದು ನೋಡಿದ್ದೆ. ಬರಿಗಣ್ಣಿಗೂ ಗಾಜಿಗೂ ಕಾಣದ್ದು ಬಣ್ಣದಲ್ಲಿ ಕಂಡಿತು. ಹಳೇ ದೋಣಿ ಕೊಳ್ಳುವವರೆಲ್ಲ ಈ ಮೂರು ಡಬ್ಬಿಯ ಖರ್ಚು ಮಾಡಲೇಬೇಕು.

ಭಾವ ಕೇಳಿದರು: "ಸೀಳಿದ್ದು ಒಂದು, ಎಳೆ ಕಡಿದದ್ದು ಒಂದು. ಆ ಎರಡನ್ನೇ ಬದಲಿಸಿದರೆ ಆಗೂದಿಲ್ವ?" ಖರ್ಚು ನೋಡಿದರೆ ಕೇಳಬೇಕಾದ ಪ್ರಶ್ನೆಯೇ. ಮಾಮ ತಲೆ ಅಲ್ಲಾಡಿಸಿದರು. "ಎಲ್ಲ ಒಂದೇ ದಿನ ಹಾಕಿದ್ದು, ಒಂದೇ ಉಪ್ಪು ತಿಂದದ್ದು. ಎರಡು ಹೋಗಿವೆ ಅಂದ್ರೆ ಉಳಿದದ್ದು ಸರದಿಯಲ್ಲಿವೆ." ಭಾವ ಮತ್ತೆ ಮಾತಾಡಲಿಲ್ಲ. ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಅವರೇ ಹೇಳಿದರು, ಹೊಸ ಹಾಯಿಯ ಯೋಚನೆ ಮುಂದಿನ ವರ್ಷಕ್ಕೆ ಇರಲಿ, ಈ ದುಡ್ಡು ತಂತಿಗೇ ಹೋಗಲಿ ಅಂತ. ನನಗೆ ತುಂಬ ಸಮಾಧಾನವಾಯಿತು.

ತಂತಿ ಕೊಳ್ಳುವಾಗ ಎರಡು ಸಂಗತಿ ಗಟ್ಟಿಯಾಗಿ ಹಿಡಿಯಬೇಕು. ಮೊದಲನೆಯದು ಹೆಣಿಗೆ. ಶ್ರೌಡಿಗೆ ಬೇಕಾದದ್ದು 1×19, ಅಂದರೆ ಹತ್ತೊಂಬತ್ತು ದಪ್ಪ ಎಳೆಗಳನ್ನು ಒಂದೇ ಹುರಿಯಾಗಿ ಹೊಸೆದದ್ದು: ನಡುವೆ ಒಂದು, ಸುತ್ತ ಆರು, ಅದರ ಸುತ್ತ ಹನ್ನೆರಡು. ಇದು ಬಗ್ಗುವುದು ಕಡಿಮೆ, ಹಿಗ್ಗುವುದೂ ಕಡಿಮೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಮೆತ್ತಗಿನ 7×19 ಕಪ್ಪಿಯಲ್ಲಿ ಓಡಿಸಲು ಸರಿ, ಮಾಸ್ಟ್ ನಿಲ್ಲಿಸಲು ಅಲ್ಲ. ಅದು ಜಗ್ಗಿದಷ್ಟೂ ಹಿಗ್ಗುತ್ತದೆ. ಎರಡನೆಯದು ಲೋಹ. 316 ಗ್ರೇಡಿನಲ್ಲಿ 2ರಿಂದ 3 ಶೇಕಡಾ ಮೋಲಿಬ್ಡಿನಂ ಅನ್ನುವ ಲೋಹ ಇರುತ್ತದೆ, ಉಪ್ಪಿಗೆ ತಡೆಯುವುದು ಅದೇ. 304ರಲ್ಲಿ ಅದು ಇರುವುದಿಲ್ಲ. ಕಣ್ಣಿಗೆ ಎರಡೂ ಒಂದೇ. ಅಯಸ್ಕಾಂತ ಹಿಡಿದರೂ ವ್ಯತ್ಯಾಸ ತಿಳಿಯುವುದಿಲ್ಲ. ಸ್ಟೀಲ್ ವ್ಯಾಪಾರಿಗಳ ಬಳಿ ಮೋಲಿ ಟೆಸ್ಟಿನ ದ್ರವ ಇರುತ್ತದೆ, ಒಂದು ಹನಿ ಬಿಟ್ಟು ಬಣ್ಣ ನೋಡಿ ಹೇಳುತ್ತಾರೆ. ನಾವು ಮಿಲ್ಲಿನ ಸರ್ಟಿಫಿಕೇಟ್ ಸಮೇತ ಮುಂಬೈಯಿಂದ ತರಿಸಿದೆವು. 6 ಮಿ.ಮೀ.ನ ಇಂಥ ತಂತಿ ಕಡಿಯಲು ಸುಮಾರು 2,900 ಕಿಲೋ ಭಾರ ಬೇಕು.

ಮೇಲಿನ ತುದಿಗಳನ್ನು ಮುಂಬೈಯಲ್ಲೇ ಸ್ವೇಜ್ ಮಾಡಿಸಿದೆವು. ಕೆಳಗಿನ ತುದಿಗೆ ಮಾತ್ರ ಸ್ಟಾ-ಲಾಕ್ ಮಾದರಿಯ, ಕೈಯಲ್ಲೇ ಕೂರಿಸುವ ಟರ್ಮಿನಲ್. ಇದನ್ನು ಬಿಚ್ಚಿ ಒಳಗೆ ನೋಡಬಹುದು. ಉಪ್ಪುನೀರು ನಿಲ್ಲುವುದು ಕೆಳಗೇ ಆದ್ದರಿಂದ ಬಿಚ್ಚಿ ನೋಡುವ ಅನುಕೂಲ ಅಲ್ಲಿಯೇ ಬೇಕು ಅನ್ನುವುದು ನನ್ನ ಹಟವಾಗಿತ್ತು.

ಆ ಕೆಲಸ ನನಗೆ ತುಂಬ ಇಷ್ಟವಾಯಿತು. ತಂತಿಯ ಮೇಲೆ ಟೇಪು ಸುತ್ತಿ, ಹ್ಯಾಕ್ಸಾ ಬ್ಲೇಡಿನಲ್ಲಿ ನೇರವಾಗಿ ಕೊಯ್ಯಬೇಕು. ಮೊದಲು ಟರ್ಮಿನಲ್ಲಿನ ಹೊರಕವಚವನ್ನು ತಂತಿಗೆ ಪೋಣಿಸಿಕೊಳ್ಳಬೇಕು. ಆಮೇಲೆ ತುದಿಯಲ್ಲಿ ಹೊರಸುತ್ತಿನ ಹನ್ನೆರಡು ಎಳೆಗಳನ್ನು ಬಿಡಿಸಿ ಹಿಂದಕ್ಕೆ ತೆರೆದರೆ ನಡುವಿನ ಏಳೆಳೆಯ ತಿರುಳು ಕಾಣುತ್ತದೆ. ಆ ತಿರುಳಿಗೆ ಸಣ್ಣ ಶಂಕುವಿನಂಥ ವೆಜ್ ತೊಡಿಸುವುದು. ವೆಜ್‌ನಲ್ಲಿ ಉದ್ದಕ್ಕೆ ಒಂದು ಸೀಳು ಇರುತ್ತದೆ. ಹನ್ನೆರಡು ಎಳೆಗಳನ್ನು ಮತ್ತೆ ಅದೇ ತಿರುವಿನಲ್ಲಿ ವೆಜ್ ಸುತ್ತ ಕೂರಿಸುವಾಗ ಒಂದೇ ಒಂದು ಎಳೆಯೂ ಆ ಸೀಳಿಗೆ ಬೀಳಬಾರದು. ಬಿದ್ದರೆ ಹಿಡಿತ ಸಮನಾಗಿ ಬರುವುದಿಲ್ಲ. ಎಳೆಗಳು ಸ್ಪ್ರಿಂಗಿನಂತೆ ಎಗರುತ್ತವೆ. ಹತ್ತು ಕೂತರೆ ಎರಡು ತಪ್ಪಿಸಿಕೊಳ್ಳುತ್ತವೆ. ಮಾಮ ತಮ್ಮ ದಪ್ಪ ಬೆರಳುಗಳಲ್ಲಿ ಒಂದೊಂದನ್ನೇ ಒತ್ತಿ ಹಿಡಿಯುತ್ತಾ ಹೋದರು, ನಾನು ಕವಚವನ್ನು ಮೇಲಕ್ಕೆ ಸರಿಸಿದೆ. ತುದಿಯ ಭಾಗ ಸ್ಪ್ಯಾನರಿನಲ್ಲಿ ತಿರುಗಿಸಿ ಬಿಗಿ ಮಾಡಿದ ಮೇಲೆ ಮತ್ತೆ ಬಿಚ್ಚಿ ನೋಡಬೇಕು. ಎಳೆಗಳೆಲ್ಲ ಒಳಕ್ಕೆ ಬಾಗಿ ಸಮನಾಗಿ ಹೂವಿನೆಸಳಿನಂತೆ ಮುಚ್ಚಿಕೊಂಡಿದ್ದರೆ ಸರಿ. ಆಗ ಒಳಗೆ ಸೀಲಂಟ್ ತುಂಬಿ, ಚೂಡಿಗೆ, ಅಂದರೆ ತಿರುಪಿನ ಸುತ್ತುಗಳಿಗೆ, ಅಂಟುದ್ರವ ಹಾಕಿ ಕೊನೆಯ ಸಲ ಬಿಗಿಯುವುದು. ಬಾಯಿಯಿಂದ ಸೀಲಂಟ್ ಹೊರಗೆ ಒಸರಬೇಕು. ಒಸರಿತು ಅಂದರೆ ಒಳಗೆ ನೀರಿಗೆ ಜಾಗ ಇಲ್ಲ. ಸ್ಟೇನ್‌ಲೆಸ್ ಮೇಲೆ ಸ್ಟೇನ್‌ಲೆಸ್ ಚೂಡಿ ತಿರುಗಿಸುವಾಗ ಅವಸರ ಮಾಡಬಾರದು. ಬಿಸಿಯಾಗಿ ಕಚ್ಚಿಕೊಂಡರೆ ಮತ್ತೆ ಬಿಚ್ಚಲು ಬರುವುದಿಲ್ಲ, ಕೊಯ್ಯುವುದೊಂದೇ ದಾರಿ.

ತಂತಿ ಹೊಸದಾದರೆ ಸಾಲದು. ಅದರ ಕೊನೆ ದೋಣಿಗೆ ಸೇರುವುದು ಚೈನ್‌ಪ್ಲೇಟ್ ಅನ್ನುವ ಉಕ್ಕಿನ ಪಟ್ಟಿಯಲ್ಲಿ. ಅದು ಡೆಕ್ ತೂರಿ ಒಳಗೆ ಬಂದು ಬೋಲ್ಟ್‌ಗಳಲ್ಲಿ ನಿಂತಿರುತ್ತದೆ. ಡೆಕ್ ತೂರುವ ಆ ಒಂದು ಅಂಗುಲ ಯಾರಿಗೂ ಕಾಣುವುದಿಲ್ಲ. ಗಾಳಿಯಿಲ್ಲದ ಒದ್ದೆ ಸಂದಿ ಅದೂ. ಹೊರಕ್ಕೆ ಎಳೆದಾಗ ಮೇಲೆ ಬೆಳ್ಳಿ, ಕೆಳಗೆ ಬೆಳ್ಳಿ, ನಡುವೆ ಮಾತ್ರ ಕಂದು ಪಟ್ಟೆ, ಅದರಲ್ಲಿ ಸೂಜಿ ಚುಚ್ಚಿದಂಥ ಗುಳಿಗಳು. ಡಿ.ಪಿ. ಟೆಸ್ಟಿನಲ್ಲಿ ಒಂದು ಬೋಲ್ಟ್ ತೂತಿನ ಅಂಚಿನಿಂದಲೂ ಕೆಂಪು ಗೆರೆ ಬಂತು. ಅದೇ ವೆಲ್ಡರ್ 316 ಪಟ್ಟಿಯಲ್ಲಿ ಹೊಸದನ್ನು ಮಾಡಿಕೊಟ್ಟರು. ತೂತುಗಳ ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿಸಿದೆ, ಯಾಕೆಂದರೆ ಬಿರುಕು ಶುರುವಾಗುವುದು ಚೂಪು ಅಂಚಿನಲ್ಲೇ. ಪಿಕ್ಲಿಂಗ್ ಪೇಸ್ಟ್ ಅನ್ನುವ ಆಮ್ಲದ ಲೇಪ ಹಚ್ಚಿ ತೊಳೆದು, ಪಾಲಿಶ್ ಹಾಕಿ ಕೊಟ್ಟರು. ಊರಲ್ಲಿ ಟ್ರಾಕ್ಟರ್ ಟ್ರೇಲರ್ ಮಾಡುತ್ತಿದ್ದ ಕೈ ಅದು, ಸಮುದ್ರದ ಕೆಲಸದಲ್ಲೂ ಅಷ್ಟೇ ಶ್ರದ್ಧೆ.

ಅಲ್ಯೂಮಿನಿಯಂ ಮಾಸ್ಟಿಗೆ ಸ್ಟೇನ್‌ಲೆಸ್ ತಾಗುವಲ್ಲೆಲ್ಲ ಬಿಳಿ ಹುಡಿ ಕಟ್ಟಿತ್ತು. ಎರಡು ಬೇರೆ ಲೋಹ, ನಡುವೆ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಕರಗುತ್ತದೆ. ಕೆರೆದು ತೆಗೆದು, ನಡುವೆ ಪ್ರತ್ಯೇಕಿಸುವ ಪೇಸ್ಟ್ ಹಚ್ಚಿ ಕೂರಿಸಿದೆವು.

ಚೌತಿ ಕಳೆದು, ಮಳೆ ಹಿಂದೆ ಸರಿದ ಮೇಲೆ ಮಾಸ್ಟ್ ಮತ್ತೆ ನಿಂತಿತು. ಬಿಗಿ ಎಷ್ಟು ಇರಬೇಕು ಅನ್ನುವುದನ್ನು ಅಂದಾಜಿಗೆ ಬಿಡಲಾಗದು. ಅದಕ್ಕೊಂದು ಸುಲಭದ ಅಳತೆಯಿದೆ. 1×19 ತಂತಿಯ 2 ಮೀಟರ್ ಉದ್ದ 1 ಮಿ.ಮೀ. ಹಿಗ್ಗಿದರೆ, ಅದು ಕಡಿಯುವ ಭಾರದ 5 ಶೇಕಡಾ ಬಿಗಿ ಬಂತು ಅಂತ ಲೆಕ್ಕ. ಬಡಗಿಯ 2 ಮೀಟರಿನ ಮಡಚುವ ಅಳತೆಪಟ್ಟಿಯ ಮೇಲ್ತುದಿಯನ್ನು ಶ್ರೌಡಿಗೆ ಟೇಪಿನಲ್ಲಿ ಅಂಟಿಸಿದೆವು. ಕೆಳತುದಿ ಟರ್ಮಿನಲ್ಲಿನ ತಲೆಗೆ ತಾಗಿತ್ತು. ತಂತಿ ಬಿಗಿಯುವ ತಿರುಪು, ಅಂದರೆ ಟರ್ನ್‌ಬಕಲ್, ತಿರುಗಿಸಿದಂತೆ ಅಲ್ಲಿ ಸಂದಿ ಬಿಡುತ್ತಾ ಬಂತು. ಆ ಕಡೆ ಎರಡು ಸುತ್ತು, ಈ ಕಡೆ ಎರಡು ಸುತ್ತು, ಹೀಗೆ 3 ಮಿ.ಮೀ. ತನಕ. 15 ಶೇಕಡಾ, ಅಂದರೆ ಒಂದೊಂದು ತಂತಿಯಲ್ಲಿ 400 ಕಿಲೋಗೂ ಮೇಲೆ. ಮಾಸ್ಟ್ ನೆಟ್ಟಗಿದೆಯೇ ಅಂತ ನೋಡಲು ತುದಿಯಿಂದ ಅಳತೆ ಟೇಪು ಇಳಿಸಿ, ಎರಡೂ ಚೈನ್‌ಪ್ಲೇಟಿಗೆ ಹಿಡಿದು ನೋಡಿದೆವು.

ಕೊನೆಗೆ ತಂತಿಗಳ ಪಿನ್ನು ಜಾರದಂತೆ ತಡೆಯುವ ಸ್ಪ್ಲಿಟ್ ಪಿನ್ನುಗಳು. ಸಣ್ಣ ವಸ್ತು, ಆದರೆ ಇಡೀ ಮಾಸ್ಟ್ ಅದನ್ನೇ ನಂಬಿದೆ. ಎರಡು ಕಾಲುಗಳನ್ನು ಸ್ವಲ್ಪವೇ ಅಗಲಿಸಿದರೆ ಸಾಕು. ಪೂರ್ತಿ ಹಿಂದಕ್ಕೆ ಮಡಚಿದರೆ ತುರ್ತಿನಲ್ಲಿ ತೆಗೆಯಲಾಗದು. ತುರ್ತು ಅಂದರೆ ಏನು ಅಂತ ಗೋವಾದವರಿಗೆ ಬಿಡಿಸಿ ಹೇಳಬೇಕಿಲ್ಲ. 2012–13ರಲ್ಲಿ ಎಲ್ಲೂ ನಿಲ್ಲದೆ ಒಬ್ಬರೇ ಭೂಮಿ ಸುತ್ತಿ ಬಂದ ಅಭಿಲಾಷ್ ಟಾಮಿ ಅವರ ಮ್ಹಾದೇಯಿ ದೋಣಿ ಇಲ್ಲೇ ದಿವಾಡಿಯ ಅಕ್ವೇರಿಯಸ್ ಯಾರ್ಡಿನಲ್ಲಿ ಕಟ್ಟಿದ್ದು. ಒಬ್ಬರೇ ಭೂಮಿ ಸುತ್ತುವ ಸ್ಪರ್ಧೆಯಾದ 2018ರ ಗೋಲ್ಡನ್ ಗ್ಲೋಬ್ ರೇಸಿನಲ್ಲಿ ಅವರು ಒಯ್ದ ತುರಿಯಾ ದೋಣಿ ಕೂಡ ಗೋವಾದಲ್ಲೇ ಹುಟ್ಟಿದ್ದು. ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಅದು ಮಗುಚಿ ಮಾಸ್ಟ್ ಮುರಿಯಿತು, ಅವರ ಬೆನ್ನಿಗೆ ಏಟಾಗಿ ಅಲುಗಾಡದಂತಾದರು. ಅದು ಬಿರುಗಾಳಿಯ ಕೆಲಸ, ತಂತಿಯ ದೋಷವಲ್ಲ. ಆದರೆ ಮುರಿದ ಮಾಸ್ಟ್ ತಂತಿಗೆ ಜೋತುಬಿದ್ದು ನೀರಿನಲ್ಲಿ ತೇಲುತ್ತಾ ದೋಣಿಯ ಮೈಗೆ ಗುದ್ದತೊಡಗಿದರೆ ಆ ಮೈಯೇ ಒಡೆಯಬಹುದು. ಆಗ ಎಲ್ಲ ತಂತಿಗಳನ್ನೂ ಕೂಡಲೇ ಬಿಡಿಸಿ ಬಿಡಬೇಕು. ಅದಕ್ಕೆ ನಮ್ಮ ದೋಣಿಯಲ್ಲಿ ಬೋಲ್ಟ್ ಕಟರ್, ಸುತ್ತಿಗೆ, ಪಂಚ್, ಇಕ್ಕಳ ಮೆಟ್ಟಿಲ ಪಕ್ಕದಲ್ಲೇ ಕಟ್ಟಿಟ್ಟಿದ್ದೇವೆ.

ದೋನಾ ಪಾವ್ಲಾ ಆಚೆ ಮೊದಲ ಸಲ ಹೊರಟಾಗ ಮಧ್ಯಾಹ್ನದ ವಾಯವ್ಯ ಗಾಳಿ ಚೆನ್ನಾಗಿ ಎದ್ದಿತ್ತು. ದೋಣಿ ವಾಲಿದಾಗ ನಾನು ಮಾಸ್ಟಿನ ಬುಡದಲ್ಲಿ ಕೂತು, ಕೆನ್ನೆ ತಾಗಿಸಿ ಮೇಲಕ್ಕೆ ನೋಡಿದೆ. ಮಾಸ್ಟಿನಲ್ಲಿ ಹಾಯಿ ಸಿಕ್ಕಿಸುವ ಸೀಳು ಮೇಲಿನವರೆಗೂ ನೆಟ್ಟಗಿತ್ತು. ಗಾಳಿಯ ಮರೆಯ ಕಡೆಯ ಶ್ರೌಡ್ ಸ್ವಲ್ಪ ಸಡಿಲವಾಗಿತ್ತು, ಜೋಲಾಡುವಷ್ಟಲ್ಲ. ಹೊಸ ತಂತಿ ಮೊದಲ ಕೆಲವು ಸಲ ಕೂತುಕೊಳ್ಳುತ್ತದೆ, ಅದಕ್ಕೆ ದಡಕ್ಕೆ ಬಂದು ಮತ್ತೆ ಪಟ್ಟಿ ಹಿಡಿದು ಅಳೆದು ಬಿಗಿ ಮಾಡಿದೆವು. ತಂತಿ ಹಾಕಿದ ತಾರೀಕು, ಉದ್ದ, ಬಿಗಿ, ಸರ್ಟಿಫಿಕೇಟ್ ನಂಬರು ಎಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಮುಂದೆ ಈ ದೋಣಿ ಯಾರ ಕೈಗೆ ಹೋದರೂ ಪುಸ್ತಕ ಜೊತೆಗೇ ಹೋಗುತ್ತದೆ.

ಇನ್ನು ಉಳಿದಿರುವುದು ಹಾಯಿ ಎಳೆಯುವ ಹಗ್ಗಗಳು. ಮಾಸ್ಟಿನ ತಲೆಯ ಕಪ್ಪಿಯ ಮೇಲೆ ಓಡುವ ಭಾಗ ಬಿಸಿಲಿಗೆ ಗಡುಸಾಗಿ ನಾರು ಎದ್ದಿದೆ. ಕಪ್ಪಿಯ ಅಂಚೂ ಒಂದು ಕಡೆ ಸವೆದಿದೆ, ಅದನ್ನು ಬದಲಿಸದೆ ಹೊಸ ಹಗ್ಗ ಹಾಕಿದರೆ ದುಡ್ಡು ದಂಡ. ಮುಂದಿನ ಮಳೆಗಾಲಕ್ಕೆ ಮಾಸ್ಟ್ ಇಳಿದಾಗ ಮೊದಲು ಅದನ್ನೇ ಬಿಚ್ಚುವುದು ಅಂತ ಮಾಮ ಆಗಲೇ ಹೇಳಿಯಾಗಿದೆ.